ಬ್ಯಾಫಲ್ ಹಲಗೆ ನಾಲ್ಕು ಬೆರಳು ಸರಿದಿತ್ತು, ಮನೆ ತುಂಬಾ ಹೊಗೆ

ಕಟ್ಟಿಗೆ ಸ್ಟವ್‌ನ ಚಿಮಣಿಯನ್ನು ನೀವೇ ಸ್ವಚ್ಛ ಮಾಡುವವರಾದರೆ ಇದನ್ನೊಮ್ಮೆ ಓದಿ. ಬ್ರಷ್ ಹಾಕಿ ಮಸಿ ಉದುರಿಸುವುದು ಕಷ್ಟವೇನಲ್ಲ. ನಾನು ಎಡವಿದ್ದು ಬಿಚ್ಚಿಟ್ಟ ಬ್ಯಾಫಲ್ ಹಲಗೆಗಳನ್ನು ವಾಪಸ್ ಕೂರಿಸುವಾಗ.

ಬ್ಯಾಫಲ್ ಅಂದರೆ ಉರಿಯುವ ಗೂಡಿನ ಮೇಲ್ಭಾಗದಲ್ಲಿ ಅಡ್ಡ ಮಲಗಿರುವ ಹಲಗೆ. ನನ್ನ ಸ್ಟವ್‌ನಲ್ಲಿ ಅದು ವರ್ಮಿಕ್ಯುಲೈಟ್‌ ಅನ್ನುವ, ಶಾಖ ತಾಳುವ ಖನಿಜದ ಎರಡು ತುಂಡು. ತೂತುಗಳಿರುವ ಗಾಳಿ ಕೊಳವೆಗಳ ಮೇಲೆ ಎಡಕ್ಕೊಂದು ಬಲಕ್ಕೊಂದು ಸುಮ್ನೆ ಕೂತಿರುತ್ತವೆ. ಅವುಗಳ ಮೇಲೆ ತೆಳ್ಳಗಿನ ಸೆರಾಮಿಕ್ ಫೈಬರ್ ಹಾಸು. ಸ್ಕ್ರೂ ಇಲ್ಲ, ಬೋಲ್ಟ್ ಇಲ್ಲ. ಇದರಲ್ಲೇನಿದೆ, ತಳ್ಳಿದರಾಯಿತು ಅಂದುಕೊಂಡೆ. ಬಿಚ್ಚುವ ಮೊದಲು ಒಂದು ಫೋಟೋ ಕೂಡ ತೆಗೆಯಲಿಲ್ಲ.

ಅವತ್ತು ಸಂಜೆ ಬೆಂಕಿ ಹಾಕಿದೆ. ಉರಿ ಭರ್ಜರಿಯಾಗಿತ್ತು, ಕೋಣೆ ಮಾತ್ರ ಬೆಚ್ಚಗಾಗಲಿಲ್ಲ. ಒಂದು ಗಂಟೆ ಬರಬೇಕಾದ ಸೌದೆ ಅರ್ಧ ಗಂಟೆಗೆ ಕೆಂಡವಾಯಿತು. ಹೊಗೆ ಕೊಳವೆಗೆ ಅಂಟಿಸಿದ್ದ ಥರ್ಮಾಮೀಟರ್ ಮುಳ್ಳು ಯಾವಾಗಲೂ 200 ಡಿಗ್ರಿ ಆಸುಪಾಸು ನಿಲ್ಲುತ್ತಿತ್ತು, ಅವತ್ತು 300 ದಾಟಿತು. ಚಿಮಣಿ ಈಗ ಚೊಕ್ಕವಾಗಿದೆಯಲ್ಲ, ಅದಕ್ಕೇ ಎಳೆತ ಜಾಸ್ತಿ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರುದಿನ ಗಾಳಿ ಕಿಂಡಿಯನ್ನು ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ. ಉರಿ ಸತ್ತು, ಸೌದೆ ಹೊಗೆಯಾಡಿ, ಬಾಗಿಲ ಗಾಜು ಕಪ್ಪಾಯಿತು. ಹೀಗೆ ಹೊಗೆಯಾಡಿಸುವುದು ಇನ್ನೊಂದು ತಪ್ಪು. ತಣ್ಣನೆಯ ಹೊಗೆ ಚಿಮಣಿಯೊಳಗೆ ಟಾರಿನಂತೆ ಅಂಟುತ್ತದೆ, ಮುಂದೊಂದು ದಿನ ಅದೇ ಹೊತ್ತಿಕೊಳ್ಳುತ್ತದೆ.

ಮೂರನೇ ದಿನ ದೊಡ್ಡದೊಂದು ಕೊರಡು ಒಳಗಿಡುವಾಗ ಅದರ ತುದಿ ಹಲಗೆಗೆ ತಗುಲಿತು. ಟಕ್ ಅಂತ ಸಣ್ಣ ಸದ್ದು. ಲೆಕ್ಕಿಸದೆ ಬಾಗಿಲು ಮುಚ್ಚಿದೆ. ಹತ್ತು ನಿಮಿಷಕ್ಕೆ ಬಾಗಿಲ ಅಂಚಿನಿಂದ ಹೊಗೆ ನೂಲಿನಂತೆ ಹೊರಬರತೊಡಗಿತು. ನೋಡೋಣ ಅಂತ ತೆರೆದೆ ನೋಡಿ, ಒಲೆಯೊಳಗಿದ್ದದ್ದೆಲ್ಲ ಮುಖಕ್ಕೇ ಬಂತು. ಅಷ್ಟರಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಕಿರುಚಿತು. ಬಾಗಿಲು ಮುಚ್ಚಿ, ಕಿಟಕಿಗಳನ್ನೆಲ್ಲ ತೆರೆದು, ಎಲ್ಲರನ್ನೂ ಹೊರಗೆ ಕಳಿಸಿದೆ. ಆಗಲೇ ತಲೆ ಭಾರವಾಗಿತ್ತು. ಹೊಗೆಯಾದರೆ ಕಣ್ಣಿಗೆ ಕಾಣುತ್ತದೆ, ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಆ ಅಲಾರಾಂ ಇಲ್ಲದಿದ್ದರೆ ಇನ್ನೊಂದಷ್ಟು ಹೊತ್ತು ಒಲೆ ಮುಂದೆಯೇ ಕೂತು ಊದುತ್ತಿದ್ದೆನೇನೋ.

ಮರುದಿನ ಒಲೆ ಪೂರ್ತಿ ಆರಿದ ಮೇಲೆ ಟಾರ್ಚ್ ಹಿಡಿದು ತಲೆ ಒಳಗೆ ತೂರಿಸಿದೆ. ಬಲಗಡೆಯ ಹಲಗೆ ಕೊರಡಿನ ಏಟಿಗೆ ಎದ್ದು ಓರೆಯಾಗಿ ನಿಂತಿತ್ತು. ಮೇಲಿನ ಹಾಸು ಜಾರಿ ಹೋಗಿ ಹೊಗೆ ಕೊಳವೆಯ ಬಾಯಿಗೆ ಅಡ್ಡ ಬಿದ್ದಿತ್ತು. ಹೊಗೆ ಯಾಕೆ ಬಂತು ಅನ್ನುವುದು ಗೊತ್ತಾಯಿತು. ಮೊದಲೆರಡು ದಿನದ ಸಮಸ್ಯೆ ಅರ್ಥವಾಗಿದ್ದು ಹಲಗೆ ತೆಗೆದು ಮಗುಚಿದಾಗ. ಅಡಿಯಲ್ಲಿ ಗಾಳಿ ಕೊಳವೆಗಳು ಒತ್ತಿ ಒತ್ತಿ ಮೂಡಿದ ಬಿಳಿ ಗೆರೆಗಳಿದ್ದವು. ಎಡಗಡೆಯ ಹಲಗೆ ಇನ್ನೂ ನಾನು ಇಟ್ಟಲ್ಲೇ ಇತ್ತು. ಅದರ ಗೆರೆಗಳಿಗೂ ಕೊಳವೆಗಳಿಗೂ ನಾಲ್ಕು ಬೆರಳು ಅಂತರ! ಎರಡನ್ನೂ ಹಿಂದಿನ ಗೋಡೆಗೆ ತಾಗುವವರೆಗೆ ತಳ್ಳುವ ಬದಲು ನಾನು ಮುಂದಕ್ಕೆ ಎಳೆದು ಬಿಟ್ಟಿದ್ದೆ.

ನನ್ನ ಸ್ಟವ್‌ನಲ್ಲಿ ಸಂದು ಇರಬೇಕಾದದ್ದು ಮುಂದೆ, ಬಾಗಿಲ ಕಡೆ. ಹೊಗೆ ಹಲಗೆಯ ಅಡಿಯಲ್ಲಿ ಮುಂದಕ್ಕೆ ಬಂದು, ಗಾಳಿ ಕೊಳವೆಗಳ ಬಿಸಿ ಗಾಳಿ ಸೇರಿ ಇನ್ನೊಮ್ಮೆ ಉರಿದು, ಆಮೇಲೆ ಅಂಚು ಬಳಸಿ ಮೇಲೆ ಹೋಗಬೇಕು. ಹಿಂದೆ ಸಂದು ಬಿಟ್ಟರೆ ಅದಕ್ಕೆ ಒಳದಾರಿ ಸಿಕ್ಕಂತೆ. ಉರಿಯಬೇಕಾದ ಹೊಗೆ ಮತ್ತು ಕೋಣೆಗೆ ಬರಬೇಕಾದ ಶಾಖ ಎರಡೂ ನೇರ ಚಿಮಣಿಗೆ. ಎಲ್ಲ ಸ್ಟವ್‌ಗಳೂ ಹೀಗೇ ಅಂದುಕೊಳ್ಳಬೇಡಿ. ಕೆಲವದರಲ್ಲಿ ಒಂದರ ಮೇಲೊಂದು ಎರಡು ಬ್ಯಾಫಲ್ ಇರುತ್ತವೆ, ಕೆಳಗಿನದಕ್ಕೆ ಮುಂದೆ ಸಂದು, ಮೇಲಿನದಕ್ಕೆ ಹಿಂದೆ. ಕೆಲವದರಲ್ಲಿ ಓರೆಯಾಗಿ ಕೂರುವ ಉಕ್ಕಿನ ತಗಡು. ನಿಮ್ಮ ಸ್ಟವ್‌ನ ಕೈಪಿಡಿಯಲ್ಲಿರುವ ಚಿತ್ರವನ್ನೇ ನಂಬಿ.

ಎರಡು ಹಲಗೆಗಳ ನಡುವೆ ಮಾತ್ರ ಸಂದು ಬಿಡಬಾರದು, ಅಂಚಿಗೆ ಅಂಚು ಕೂಡಬೇಕು. ಹಾಗಂತ ಸಿಮೆಂಟು, ಗೋಂದು ಹಚ್ಚಿ ಅಂಟಿಸಬೇಡಿ. ಕಾದಾಗ ಹಿಗ್ಗಲು ಜಾಗ ಬೇಕು, ಮುಂದಿನ ಸಲ ಬಿಚ್ಚಲೂ ಬೇಕಲ್ವಾ? ಕೂದಲೆಳೆಯ ಬಿರುಕಿದ್ದರೆ ತೊಂದರೆಯಿಲ್ಲ, ತುಂಡಾಗಿದ್ದರೆ ಬದಲಿಸಿ. ಹೊಸದು ಬರುವ ತನಕ ಬ್ಯಾಫಲ್ ಇಲ್ಲದೆಯೇ ಉರಿಸೋಣ ಅನ್ನುವ ಯೋಚನೆ ನನಗೂ ಬಂದಿತ್ತು. ದಯವಿಟ್ಟು ಬೇಡ, ಆಗ ಜ್ವಾಲೆ ನೇರ ಕೊಳವೆಗೇ ನುಗ್ಗುತ್ತದೆ. ಹಳೆಯ ಫೈಬರ್ ಹಾಸನ್ನು ಮುಟ್ಟುವಾಗ ಮಾಸ್ಕ್ ಹಾಕಿ. ನಾನು ಬರಿಗೈಯಲ್ಲಿ ಹಿಡಿದು ಎರಡು ದಿನ ತುರಿಸಿಕೊಂಡೆ.

ಬಲಗಡೆಯ ಹಲಗೆಯ ಮೂಲೆ ಮುರಿದಿತ್ತು, ಅದನ್ನು ಬದಲಿಸಿದೆ. ಮೊದಲ ದಿನ ಸಣ್ಣ ಉರಿ ಮಾತ್ರ ಹಾಕಿದೆ, ಹಲಗೆಯ ತೇವ ಮೆಲ್ಲಗೆ ಆರಲಿ ಅಂತ. ಎರಡನೇ ದಿನ ಎಂದಿನಂತೆ ಸೌದೆ ಇಟ್ಟೆ. ಮುಳ್ಳು 200ರ ಹತ್ತಿರ ಹೋಗಿ ನಿಂತಿತು.