ಹಂಪಿ, ಐಹೊಳೆ, ಬಾದಾಮಿ: ಸ್ವಂತ ಕಾರೋ, ಟ್ಯಾಕ್ಸಿಯೋ, ರಾತ್ರಿ ರೈಲೋ?

ಬೆಂಗಳೂರಿನಿಂದ ಹೊರಟು ಹಂಪಿ, ಐಹೊಳೆ, ಪಟ್ಟದಕಲ್ಲು, ಬಾದಾಮಿ ಸುತ್ತಿ ಬರಲು ಮೂರು ದಾರಿಗಳಿವೆ. ಸ್ವಂತ ಕಾರು, ಡ್ರೈವರ್ ಸಮೇತ ಟ್ಯಾಕ್ಸಿ, ಇಲ್ಲವೇ ರಾತ್ರಿ ರೈಲು ಹಿಡಿದು ಅಲ್ಲೇ ಗಾಡಿ ಮಾಡಿಕೊಳ್ಳುವುದು. ಮೂರನ್ನೂ ನಾನು ಮಾಡಿ ನೋಡಿದ್ದೇನೆ. ಸ್ನೇಹಿತರು ಯಾವುದು ಒಳ್ಳೇದು ಅಂತ ಕೇಳುವಾಗ ಮೊದಲು ಖರ್ಚಿನ ಮಾತು ತೆಗೆಯುತ್ತಾರೆ, ಆಮೇಲೆ ಕಿಲೋಮೀಟರ್ ಲೆಕ್ಕ. ನಾನು ಅಳೆಯುವುದು ಬೇರೆ ರೀತಿ. ಕಲ್ಲಿನ ಮುಂದೆ ನಿಲ್ಲಲು ಎಷ್ಟು ಬೆಳಗು, ಎಷ್ಟು ಸಂಜೆ ಸಿಕ್ಕಿತು ಅನ್ನುವುದೇ ನನಗೆ ಮುಖ್ಯ. ಹತ್ತು ಗಂಟೆ ದಾಟಿದರೆ ಹಂಪಿಯ ಬಂಡೆ ಕಾದು ಹೋಗುತ್ತದೆ. ನೆತ್ತಿಯ ಬಿಸಿಲಲ್ಲಿ ಕೆತ್ತನೆಯ ಆಳವೇ ಕಾಣುವುದಿಲ್ಲ. ಅದೇ ಕಂಬವನ್ನು ಬೆಳಗ್ಗೆ ಏಳು ಗಂಟೆಗೆ ನೋಡಿದರೆ ಕುದುರೆಯ ಕಣ್ಣು, ಸವಾರನ ಬೆರಳು ಎಲ್ಲವೂ ಎದ್ದು ಬರುತ್ತವೆ.

ಮೊದಲು ಸ್ವಂತ ಕಾರು. ನೆಲಮಂಗಲ, ತುಮಕೂರು, ಶಿರಾ, ಹಿರಿಯೂರು ದಾಟಿ ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48. ಅಲ್ಲಿಂದ ಹೊಸಪೇಟೆಗೆ ಹೆದ್ದಾರಿ 50. ಒಟ್ಟು ಸುಮಾರು 340 ಕಿಲೋಮೀಟರ್. ರಸ್ತೆ ಚೆನ್ನಾಗಿದೆ, ತೊಂದರೆ ಇರುವುದು ಹೊತ್ತಿನಲ್ಲಿ. ಬೆಳಗಿನ ಜಾವ ಐದಕ್ಕೆ ಹೊರಟು, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಎಲ್ಲೂ ಜಾಸ್ತಿ ನಿಲ್ಲದೆ ಓಡಿಸಿದರೂ ಹಂಪಿ ಮುಟ್ಟುವಾಗ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಓಡಿಸಿದವರಿಗೆ ಸುಸ್ತು, ಹೊರಗೆ ಬೆಂಕಿ. ಮೊದಲ ದಿನದ ಬೆಳಗು ಹೆದ್ದಾರಿಗೇ ಹೋಯಿತು ಅಲ್ವಾ?

ಇದಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಹಿಂದಿನ ಸಂಜೆಯೇ ಹೊರಟು ಚಿತ್ರದುರ್ಗದಲ್ಲಿ ಮಲಗುವುದು. ಬೆಳಗ್ಗೆ ತಂಪಿನಲ್ಲಿ ಏಳು ಸುತ್ತಿನ ಕೋಟೆ ಹತ್ತಿ, ಓಬವ್ವನ ಕಿಂಡಿ ನೋಡಿ, ಬಿಸಿಲೇರಿದಾಗ ಕಾರು ಹತ್ತುವುದು. ಕೋಟೆ 1779ರಲ್ಲಿ ಹೈದರಾಲಿಯ ಕೈಗೆ ಹೋದದ್ದು. ಮದಕರಿ ನಾಯಕರ ಕಾಲದ ಆ ಗೋಡೆಗಳನ್ನು ಹೆದ್ದಾರಿಯಿಂದ ಸುಮ್ನೆ ಕೈ ತೋರಿಸಿ ದಾಟಿ ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಹಂಪಿಗೆ ಸ್ವಂತ ಕಾರಿನಲ್ಲಿ ಹೋಗುವುದಕ್ಕೆ ಇರುವ ಅತ್ಯುತ್ತಮ ಕಾರಣವೇ ಚಿತ್ರದುರ್ಗ ಅನ್ನುತ್ತೇನೆ.

ಹಂಪಿಯೊಳಗೆ ಕಾರಿನಿಂದ ಉಪಯೋಗ ಕಡಿಮೆ. ಅಲ್ಲಿಯ ಅತಿ ಚಂದದ ದಾರಿ ಕಾಲುದಾರಿ. ವಿರೂಪಾಕ್ಷನ ಬೀದಿಯಿಂದ ಹೊರಟು, ತುಂಗಭದ್ರೆಯ ಪಕ್ಕದಲ್ಲೇ ಕೋದಂಡರಾಮ ಗುಡಿ, ಅಚ್ಯುತರಾಯನ ಗುಡಿಯ ಬೀದಿ, ರಾಜನ ತುಲಾಭಾರದ ಕಲ್ಲುಕಂಬ ನೋಡುತ್ತಾ ವಿಜಯ ವಿಠ್ಠಲನ ಗುಡಿಗೆ ಸೇರುವುದು. ಕಾರು ವಿರೂಪಾಕ್ಷನ ಹತ್ತಿರ ನಿಂತಿದ್ದರೆ ಅಷ್ಟೂ ದೂರ ವಾಪಸ್ ನಡೆಯಬೇಕು. ಕಾರಿನಲ್ಲೇ ವಿಠ್ಠಲ ಗುಡಿಯ ಕಡೆ ಹೋದರೂ ಗೆಜ್ಜಲ ಮಂಟಪದ ಹತ್ತಿರ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತಬೇಕು, ಇಲ್ಲ ನಡೆಯಬೇಕು. ಹೀಗಾಗಿ ಕಾರಿರುವವರು ಹೊಳೆಯ ದಾರಿಯನ್ನೇ ಬಿಡುತ್ತಾರೆ. ಆಟೋ ಮಾಡಿಕೊಂಡರೆ ಈ ಕಷ್ಟ ಇಲ್ಲ. ಒಂದು ತುದಿಯಲ್ಲಿ ಇಳಿದು, ಇನ್ನೊಂದು ತುದಿಗೆ ಬಾ ಅಂದರೆ ಆಯಿತು.

ತುಂಗಭದ್ರೆಯ ಉತ್ತರಕ್ಕೆ ಹೋದ ಮೇಲೆ ಮಾತ್ರ ಕಾರಿಗೆ ಬೆಲೆ ಬರುತ್ತದೆ. ಕುಷ್ಟಗಿ, ಇಳಕಲ್ಲು, ಹುನಗುಂದ, ಅಮೀನಗಡ ದಾಟಿ ಐಹೊಳೆಗೆ ಇಳಿಯುವ ದಾರಿಯಲ್ಲಿ ಬೇಕೆಂದಲ್ಲಿ ನಿಲ್ಲಬಹುದು. ಇಳಕಲ್ಲಿನಲ್ಲಿ ಸೀರೆ ನೇಯುವುದನ್ನು ನೋಡಬಹುದು, ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳಬಹುದು. ಪಟ್ಟದಕಲ್ಲಿನಿಂದ ಬಾದಾಮಿಗೆ ಹೋಗುವಾಗ ಮಹಾಕೂಟಕ್ಕೆ ತಿರುಗಿ, ಅಲ್ಲಿಯ ಪುಷ್ಕರಣಿಯ ಮೆಟ್ಟಿಲ ಮೇಲೆ ಒಂದು ಗಂಟೆ ಕೂರಬಹುದು. ಬಸ್ಸಿನಲ್ಲಿ ಇದನ್ನೆಲ್ಲ ಹೊಂದಿಸುವುದು ಬಹಳ ಕಷ್ಟ. ಒಂದು ಎಚ್ಚರಿಕೆ: ಕಬ್ಬು ಕಡಿಯುವ ತಿಂಗಳುಗಳಲ್ಲಿ, ಅಂದರೆ ನಾವು ಪ್ರವಾಸ ಹೋಗುವ ಚಳಿಗಾಲದಲ್ಲೇ, ಬಾಗಲಕೋಟೆ ಕಡೆಯ ರಸ್ತೆಗಳ ತುಂಬಾ ಕಬ್ಬಿನ ಟ್ರ್ಯಾಕ್ಟರ್‌ಗಳು. ಎರಡೆರಡು ಟ್ರೈಲರ್, ಎಷ್ಟೋ ಸಲ ಹಿಂದೆ ದೀಪವೇ ಇರುವುದಿಲ್ಲ. ಕತ್ತಲಾದ ಮೇಲೆ ಆ ಕಡೆ ಕಾರು ಓಡಿಸಬೇಡಿ. ಇದನ್ನು ಮಾತ್ರ ಒತ್ತಿ ಹೇಳುತ್ತೇನೆ.

ಟ್ಯಾಕ್ಸಿಯ ವಿಷಯ ಬೇಗ ಮುಗಿಯುತ್ತದೆ. ನೀವು ಓಡಿಸಬೇಕಿಲ್ಲ, ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಬಹುದು. ವಯಸ್ಸಾದವರು ಜೊತೆಗಿದ್ದರೆ ಗುಡಿಯ ಬಾಗಿಲವರೆಗೂ ಬಿಟ್ಟು ಬರುವ ಒಬ್ಬರು ಇರುತ್ತಾರೆ. ಆದರೆ ಊರ ಹೊರಗಿನ ಟ್ಯಾಕ್ಸಿಯ ಬಾಡಿಗೆ ಹೇಗೆ ಅಂತ ಗೊತ್ತಲ್ಲ. ದಿನಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರ್ ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ, ಟೋಲ್. ಹಂಪಿಯಲ್ಲಿ ಇಡೀ ದಿನ ಕಳೆದರೆ ಗಾಡಿ ಓಡುವುದು ಹೆಚ್ಚೆಂದರೆ ಮೂವತ್ತು ನಲವತ್ತು ಕಿಲೋಮೀಟರ್. ಆದರೂ ದುಡ್ಡು 300ಕ್ಕೇ ಕೊಡಬೇಕು. ಆಗ ಮನಸ್ಸು ಏನು ಹೇಳುತ್ತದೆ? ಹೇಗೂ ಕೊಡುತ್ತಿದ್ದೇವೆ, ವಿಜಯಪುರಕ್ಕೂ ಹೋಗಿಬಿಡೋಣ, ಆಲಮಟ್ಟಿಯನ್ನೂ ನೋಡಿಬಿಡೋಣ ಅಂತ. ನಾವು ಹೋದಾಗಲೂ ಜೊತೆಯವರು ಇದೇ ಮಾತು ಎತ್ತಿದರು. ಬಾಡಿಗೆಯ ಲೆಕ್ಕವೇ ನಮ್ಮನ್ನು ಓಡಿಸುತ್ತದೆ. 1656ರ ಹೊತ್ತಿಗೆ ಎದ್ದು ನಿಂತ ಗೋಳಗುಮ್ಮಟವನ್ನು ಅರ್ಧ ಗಂಟೆಯಲ್ಲಿ ಹತ್ತಿ ಇಳಿದು ಬರುವುದರಲ್ಲಿ ಏನಿದೆ? ವಿಜಯಪುರಕ್ಕೆ ಇನ್ನೊಂದು ರಜೆ ಇಟ್ಟುಕೊಳ್ಳಿ. ಇಬ್ರಾಹಿಂ ರೋಜಾಕ್ಕೇ ಒಂದು ಬೆಳಗು ಬೇಕು.

ಈಗ ರೈಲು. ನನ್ನ ಓಟು ಇದಕ್ಕೇ, ಅದೂ ಎಲ್ಲರೂ ಮಾಡುವುದಕ್ಕಿಂತ ಸ್ವಲ್ಪ ತಿರುಗುಮುರುಗಾಗಿ.

ಬೆಂಗಳೂರಿನವರು ಸಾಮಾನ್ಯವಾಗಿ ಹಂಪಿ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ರಾತ್ರಿ ಹತ್ತಿದರೆ ಗುಂತಕಲ್ಲು, ಬಳ್ಳಾರಿ ದಾಟಿ ಬೆಳಗ್ಗೆ ಹೊಸಪೇಟೆ. ಅಲ್ಲಿಂದ ಹಂಪಿ 13 ಕಿಲೋಮೀಟರ್. ಹಂಪಿ ಮೊದಲು, ಸಮಯ ಉಳಿದರೆ ಬಾದಾಮಿ. ಇದನ್ನು ಉಲ್ಟಾ ಮಾಡಿ. ಮೈಸೂರಿನಿಂದ ಬೆಂಗಳೂರು ಮೇಲೆ ಹೋಗುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹುಬ್ಬಳ್ಳಿ, ಗದಗ ದಾಟಿ ಬಾದಾಮಿಯಲ್ಲಿ ನಿಲ್ಲುತ್ತದೆ. ಸಂಜೆ ಹತ್ತಿದರೆ ಬೆಳಗ್ಗೆ ಇಳಿಯಬಹುದು. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್, ಆಟೋ ಸಿಗುತ್ತದೆ. ಬಾದಾಮಿ ಮುಗಿಸಿ, ಅಲ್ಲೇ ಒಂದು ಕಾರು ಮಾತಾಡಿಕೊಂಡು, ಪಟ್ಟದಕಲ್ಲು, ಐಹೊಳೆ ನೋಡುತ್ತಾ ಹೊಸಪೇಟೆಗೆ ಬನ್ನಿ. ಹಂಪಿ ಕೊನೆಗೆ. ವಾಪಸ್ ಬರಲು ಹೊಸಪೇಟೆಯಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್. ಬಂದ ದಾರಿಯಲ್ಲೇ ಮರಳುವ ಕೆಲಸ ಇಲ್ಲ. ಹೋಗುವ ರಾತ್ರಿಯೂ ಬರುವ ರಾತ್ರಿಯೂ ರೈಲಿಗೆ ಹೋಗುವುದರಿಂದ ಹಗಲುಗಳೆಲ್ಲ ನಿಮ್ಮವೇ.

ಈ ಕ್ರಮದಲ್ಲಿ ಸಮಯ ಉಳಿಯುತ್ತದೆ, ನಿಜ. ಆದರೆ ಅದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ನಾಡಿನ ಚರಿತ್ರೆ ನಡೆದ ಕ್ರಮದಲ್ಲೇ ಕಾಣುತ್ತದೆ. ಬಾದಾಮಿಯ ಕೋಟೆಯ ಮೇಲೆ ಚಾಲುಕ್ಯ ದೊರೆ ಮೊದಲನೇ ಪುಲಕೇಶಿಯ ಶಾಸನ 543ರದ್ದು. ಕೆರೆಯ ದಕ್ಷಿಣದ ಗುಡ್ಡದಲ್ಲಿ ಮೂರನೇ ಗುಹೆಯ ಶಾಸನ 578ರದ್ದು, ಅವನ ಮಗ ಮಂಗಳೇಶ ಹಾಕಿಸಿದ್ದು. ಕೆಂಪು ಮರಳುಗಲ್ಲು ಮೆತ್ತಗೆ, ಉಳಿಗೆ ಒಲಿಯುವ ಕಲ್ಲು. ಗುಡಿ ಕಟ್ಟುವುದಲ್ಲ, ಗುಡ್ಡ ಕೊರೆಯುವುದು. ಸಂಜೆ ಕೆರೆಯ ಇನ್ನೊಂದು ತುದಿಯ ಭೂತನಾಥ ಗುಡಿಗೆ ಹೋಗಿ. ಪಶ್ಚಿಮದ ಬೆಳಕು ನೇರ ಅದರ ಮೇಲೆ ಬೀಳುತ್ತದೆ. ಆ ಕಡೆಯ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವೂ ಇದೆ. ಅದರಲ್ಲಿರುವ ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ, ಅಷ್ಟು ಹಿಂದೆಯೇ ಕನ್ನಡದಲ್ಲಿ ಇತ್ತು ಅಂತ ಕಣ್ಣಾರೆ ಕಂಡರೆ ಮೈ ಜುಮ್ಮೆನ್ನುತ್ತದೆ.

ಐಹೊಳೆಯಲ್ಲಿ ಶಿಲ್ಪಿಗಳು ಕಲಿಯುತ್ತಿರುವುದು ಕಾಣುತ್ತದೆ. ಲಾಡಖಾನ್ ಗುಡಿಯ ಚಾವಣಿಯ ಮೇಲೆ ಮರದ ದಿಮ್ಮಿಗಳ ಹಾಗೆ ಕಲ್ಲಿನ ಉದ್ದ ಪಟ್ಟಿಗಳನ್ನು ಜೋಡಿಸಿದ್ದಾರೆ. ದುರ್ಗದ ಗುಡಿಯ ಹಿಂಭಾಗ ಅರ್ಧಚಂದ್ರದಂತೆ ದುಂಡಗಿದೆ. ಗುಡ್ಡದ ಮೇಲಿನ ಮೇಗುಟಿ ಗುಡಿಯಲ್ಲಿ ಆಸ್ಥಾನ ಕವಿ ರವಿಕೀರ್ತಿಯ 634ರ ಶಾಸನ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ಅದರಲ್ಲಿದೆ. ಪಟ್ಟದಕಲ್ಲಿಗೆ ಬಂದರೆ ಆ ಕಲಿಕೆ ಪಕ್ವವಾಗಿದೆ. ಉತ್ತರದ ಶಿಖರ, ದಕ್ಷಿಣದ ವಿಮಾನ ಒಂದೇ ಅಂಗಳದಲ್ಲಿ ಅಕ್ಕಪಕ್ಕ. ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಶಿಲ್ಪಿ ಗುಂಡನ ಹೆಸರು ಉಳಿದಿದೆ. ಆ ಹೆಸರನ್ನು ಹುಡುಕಿ ಓದಿ ಬನ್ನಿ.

ಇಷ್ಟು ನೋಡಿ ಹಂಪಿಗೆ ಬಂದರೆ ಕಣ್ಣು ಸಿದ್ಧವಾಗಿರುತ್ತದೆ. ಕಲ್ಲು ಈಗ ಗಟ್ಟಿ ಗ್ರಾನೈಟ್. ಗೋಪುರ ಇಟ್ಟಿಗೆ ಗಾರೆಯದ್ದು. 1528ರಲ್ಲಿ ಕೃಷ್ಣದೇವರಾಯ ಒಂದೇ ಬಂಡೆಯಲ್ಲಿ ಕೆತ್ತಿಸಿದ ನರಸಿಂಹ, ಕಮಲ ಮಹಲಿನ ಕಮಾನುಗಳು. 1565ರ ಯುದ್ಧಕ್ಕೆ ಮುಂಚೆ ಹಂಪಿಯವರು ಉತ್ತರದ ಸುಲ್ತಾನರ ಕಟ್ಟಡಗಳಿಂದ ಎಷ್ಟು ಕಲಿತಿದ್ದರು ಅನ್ನುವುದು ಆ ಕಮಾನುಗಳಲ್ಲಿದೆ. ನಾನು ಹಂಪಿಯನ್ನು ಮೊದಲು ನೋಡಿ ಐಹೊಳೆಗೆ ಹೋದಾಗ ಜೊತೆಯವರಿಗೆ ಎಲ್ಲವೂ ಚಿಕ್ಕದಾಗಿ ಕಂಡಿತ್ತು. ಊರೊಳಗಿನ ಗುಡಿಗಳ ಮುಂದೆ ಐದು ನಿಮಿಷವೂ ನಿಲ್ಲಲಿಲ್ಲ. ಬಾದಾಮಿಯಿಂದ ಶುರು ಮಾಡಿದವರು ಅದೇ ಗುಡಿಗಳ ಮುಂದೆ ಗಂಟೆಗಟ್ಟಲೆ ನಿಂತರು.

ರೈಲಿನ ದಾರಿಯಲ್ಲಿ ಕಳೆದುಕೊಳ್ಳುವುದು ಚಿತ್ರದುರ್ಗ. ಅದು ಸಣ್ಣ ನಷ್ಟವಲ್ಲ, ಒಪ್ಪುತ್ತೇನೆ. ಆದರೆ ಬೆಂಗಳೂರಿನಿಂದ ಅದೊಂದಕ್ಕೇ ವಾರದ ಕೊನೆಗೆ ಹೋಗಿ ಬರಬಹುದು. ನಾಲ್ಕೈದು ಜನ ಇದ್ದರೆ, ಮಕ್ಕಳಿದ್ದರೆ, ಕಾರು ಅಗ್ಗವೂ ಹೌದು, ಸಾಮಾನು ಹೊರುವ ಕಷ್ಟವೂ ಇಲ್ಲ. ಆಗ ಕಾರಿನಲ್ಲೇ ಹೋಗಿ, ಆದರೆ ಹೊಸಪೇಟೆಯಲ್ಲಿ ನಿಲ್ಲದೆ ಬಾದಾಮಿಯವರೆಗೆ ಹೋಗಿ ಅಲ್ಲಿಂದ ಕೆಳಗೆ ಬನ್ನಿ. ಹಂಪಿಯ ಪಕ್ಕದಲ್ಲೇ ಹಾದು ಮುಂದೆ ಹೋಗಲು ಗಟ್ಟಿ ಮನಸ್ಸು ಬೇಕು.

ಉಳಿಯಲು ಬಾದಾಮಿಯಲ್ಲಿ ಊರೊಳಗೇ ಲಾಡ್ಜುಗಳಿವೆ. ಊಟಕ್ಕೆ ಖಾನಾವಳಿ ಸಾಕು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಹಂಪಿಗೆ ಹೊಸಪೇಟೆಗಿಂತ ಕಮಲಾಪುರ ಹತ್ತಿರ, ಬೆಳಗ್ಗೆ ಬೇಗ ಗುಡಿ ಮುಟ್ಟಬಹುದು. ಆನೆಗೊಂದಿ ಶಾಂತವಾಗಿದೆ, ಆದರೆ ಹೊಳೆ ದಾಟಿ ಬರುವ ಹೊತ್ತು ಲೆಕ್ಕಕ್ಕೆ ಇಟ್ಟುಕೊಳ್ಳಿ. ವಿಠ್ಠಲ ಗುಡಿಯ ಟಿಕೆಟ್ಟು ಅದೇ ದಿನ ಕಮಲ ಮಹಲಿಗೂ ಕಮಲಾಪುರದ ಮ್ಯೂಸಿಯಂಗೂ ನಡೆಯುತ್ತದೆ, ಬಿಸಾಡಬೇಡಿ. ಬಾದಾಮಿ, ಐಹೊಳೆಯ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ.

ರೈಲಿನ ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತದೆ. ಡಿಸೆಂಬರ್ ರಜೆಗೆ ಹೋಗುವವರು ಅಕ್ಟೋಬರಿನಲ್ಲೇ ಎರಡೂ ಕಡೆಯ ಟಿಕೆಟ್ ಮಾಡಿಸಿ. ಬಾದಾಮಿಯಲ್ಲಿ ಕಾರು ಮಾತಾಡುವಾಗ ಮೂರು ವಿಷಯ ಮೊದಲೇ ಹೇಳಿ. ಬೆಳಗ್ಗೆ ಆರಕ್ಕೆ ಹೊರಡಬೇಕು, ಐಹೊಳೆಯಲ್ಲಿ ಮೇಗುಟಿ ಗುಡ್ಡ ಹತ್ತಿ ಇಳಿಯುವವರೆಗೆ ಕಾಯಬೇಕು, ಹೊಸಪೇಟೆಯಲ್ಲಿ ಬಿಟ್ಟು ಖಾಲಿ ಗಾಡಿ ವಾಪಸ್ ಹೋಗುವ ಖರ್ಚೂ ಸೇರಿಸಿ ಬಾಡಿಗೆ ಹೇಳಬೇಕು. ಇಷ್ಟು ಬಾಯಿಬಿಟ್ಟು ಹೇಳಿದರೆ ದಾರಿಯಲ್ಲಿ ಅವಸರದ ಮಾತೇ ಬರುವುದಿಲ್ಲ.