ಹಳೆ ಟ್ರಕ್ಕಿಗೆ ಯಾವ ಬ್ಯಾಲೆನ್ಸರ್, ಯಾವ ಪುಲ್ಲಿ? ಹಾಕಿ ನೋಡಿದ ಮೇಲೆ ಬರೆದಿದ್ದು

ಮೊದಲು ಬೆಲ್ಟ್ ಕಿರುಚಲು ಶುರುವಾಯಿತು. ಹೊಸ ಬೆಲ್ಟ್ ಹಾಕಿದೆ. ಎರಡು ವಾರ ಸುಮ್ಮನಿತ್ತು, ಆಮೇಲೆ ಮತ್ತೆ ಅದೇ ಸದ್ದು. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿದ್ದು ಟೈಮಿಂಗ್, ಅಂದರೆ ಸಿಲಿಂಡರ್‌ನಲ್ಲಿ ಕಿಡಿ ಹಾರುವ ಹೊತ್ತು. ಟೈಮಿಂಗ್ ಲೈಟ್ ಹಿಡಿದು ಎಂಜಿನ್ ಮುಂದಿನ ಚಕ್ರದ ಗುರುತಿಗೆ ಸರಿಯಾಗಿ ಹೊಂದಿಸಿದ್ದೆ. ಆದರೂ ಏರು ಬಂದರೆ ಗಾಡಿಗೆ ಎಳೆತವೇ ಇಲ್ಲ, ಎಂಜಿನ್ ಬಿಸಿಯೂ ಜಾಸ್ತಿ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಅನುಮಾನ ಪಟ್ಟು ಒಂದು ತಿಂಗಳು ಹಾಳು ಮಾಡಿದೆ.

ತಪ್ಪು ಇದ್ದದ್ದು ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ ತುದಿಯಲ್ಲಿ. ಅಲ್ಲಿ ಕೂರುವ ಹಾರ್ಮೋನಿಕ್ ಬ್ಯಾಲೆನ್ಸರ್ ನೋಡಲು ಒಂದೇ ಗಟ್ಟಿ ಚಕ್ರದಂತೆ ಕಂಡರೂ ಅದರಲ್ಲಿ ಮೂರು ಭಾಗ ಇದೆ: ನಡುವಿನ ಹಬ್, ಅದರ ಸುತ್ತ ರಬ್ಬರ್, ಅದರ ಹೊರಗೆ ಭಾರದ ಕಬ್ಬಿಣದ ಬಳೆ. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್ ಸ್ವಲ್ಪ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಆ ನಡುಕವನ್ನು ಬಳೆಯ ಭಾರ ಮತ್ತು ರಬ್ಬರ್ ಸೇರಿ ತಿಂದುಹಾಕುತ್ತವೆ. ರಬ್ಬರ್ ಹಳೆಯದಾಗಿ ಗಟ್ಟಿಯಾದರೆ ಬಿರುಕು ಬಿಡುತ್ತದೆ, ಬಳೆ ಜಾರುತ್ತದೆ. ಟೈಮಿಂಗ್ ಗುರುತು ಇರುವುದು ಆ ಬಳೆಯ ಮೇಲೇ ಅಲ್ವಾ? ನನ್ನ ಬಳೆ ಹಿಂದಕ್ಕೆ ಜಾರಿತ್ತು. ನಾನು ಗುರುತನ್ನು ನಂಬಿ ಕಿಡಿಯನ್ನು ತಡಮಾಡಿ ಇಟ್ಟಿದ್ದೆ. ಹಾಗೇ ಬಿಟ್ಟರೆ ಕೊನೆಗೆ ಕ್ರ್ಯಾಂಕೇ ಬಿರುಕು ಬಿಡಬಹುದು. ಇದು ಬರೀ ಸದ್ದಿನ ವಿಷಯ ಅಲ್ಲ.

ಅಣ್ಣನ ಹತ್ತಿರವೂ ಇಂಥದ್ದೇ ಹಳೆ ಪೆಟ್ರೋಲ್ ಟ್ರಕ್ ಇದೆ. ಹಾಗಾಗಿ ಎರಡು ಗಾಡಿಯಲ್ಲಿ ಸೇರಿಸಿ ಮೂರು ಬಗೆಯ ಬ್ಯಾಲೆನ್ಸರ್ ನೋಡಿದಂತಾಯಿತು.

ನಾನು ಮೊದಲು ತಂದಿದ್ದು ಅಗ್ಗದ ಹೊಸದು. ಬಣ್ಣ ಚೆನ್ನಾಗಿತ್ತು, ರಬ್ಬರ್ ಅಂಚು ನೀಟಾಗಿತ್ತು. ಕೂರಿಸುವಾಗಲೇ ನನಗೆ ಹೊಳೆಯಬೇಕಿತ್ತು: ಕೈಯಲ್ಲಿ ಒತ್ತಿದರೆ ಅರ್ಧ ಒಳಗೆ ಹೋಯಿತು. ನನ್ನ ಎಂಜಿನ್‌ನಲ್ಲಿ ಹಬ್ ಕ್ರ್ಯಾಂಕ್ ಮೇಲೆ ಬಿಗಿಯಾಗಿ, ಒತ್ತಿಕೊಂಡೇ ಕೂರಬೇಕು. ಸಡಿಲವಾದರೆ ನಡುಕ ಅದಕ್ಕೆ ದಾಟುವುದೇ ಇಲ್ಲ, ಹಬ್ಬನ್ನು ಕ್ರ್ಯಾಂಕ್‌ಗೆ ಹಿಡಿದಿಡುವ ಸಣ್ಣ ಲೋಹದ ತುಂಡು (ಕೀ) ಮೇಲೆ ಏಟು ಬೀಳುತ್ತದೆ. ಎಂಜಿನ್ ಓಡುವಾಗ ಬಳೆಯ ಅಂಚು ಅತ್ತಿತ್ತ ಆಡುವುದು ಕಣ್ಣಿಗೇ ಕಾಣುತ್ತಿತ್ತು. ಕೆಲವೇ ತಿಂಗಳಲ್ಲಿ ಗುರುತೂ ಸರಿಯಿತು. ಬಿಚ್ಚಿ ಎಸೆದೆ. ಇದನ್ನು ಯಾರಿಗೂ ಹಾಕಿ ಅನ್ನಲಾರೆ.

ಎರಡನೆಯದು ನನ್ನದೇ ಹಳೆ ಬ್ಯಾಲೆನ್ಸರ್. ರಬ್ಬರ್ ಕಿತ್ತು ಹೊಸ ರಬ್ಬರ್ ಕೂರಿಸಿಕೊಡುವವರಿಗೆ ಕಳಿಸಿದೆ. ಗಾಡಿ ವಾರಗಟ್ಟಲೆ ಸ್ಟ್ಯಾಂಡ್ ಮೇಲೆ ನಿಂತಿತ್ತು, ಅದೊಂದೇ ಕಷ್ಟ. ಬಂದಾಗ ಮನಸ್ಸಿಗೆ ನಿಜವಾಗಿ ಸಮಾಧಾನವಾಯಿತು. ಅದೇ ಕಬ್ಬಿಣ, ಅದೇ ತೂಕ, ಗುರುತು ಅದರ ಜಾಗದಲ್ಲಿ. ಹಬ್ ಮೇಲೆ ಆಯಿಲ್ ಸೀಲ್ ಉಜ್ಜಿ ಉಜ್ಜಿ ಗೀರು ಬಿದ್ದಿತ್ತು. ಅದಕ್ಕೆ ತೆಳುವಾದ ಸ್ಟೀಲ್ ಸ್ಲೀವ್ ಹಾಕಿಸಿದೆ, ಸೀಲ್ ಹೊಸದು ಹಾಕಿದೆ. ಗೀರು ಹಾಗೇ ಬಿಟ್ಟು ಹೊಸ ಸೀಲ್ ಮಾತ್ರ ಹಾಕಿದರೆ ಆಯಿಲ್ ಮತ್ತೆ ಒಸರುತ್ತದೆ. ಹೊಸ ರಬ್ಬರ್ ಮೇಲೆ ಆಯಿಲ್ ಬಿದ್ದರೆ ಅದರ ಆಯಸ್ಸೂ ಅಷ್ಟೇ.

ಅಣ್ಣ ಹಾಕಿಸಿದ್ದು ದ್ರವದ ಬ್ಯಾಲೆನ್ಸರ್. ಇದರಲ್ಲಿ ರಬ್ಬರ್ ಇಲ್ಲ. ಮುಚ್ಚಿದ ಡಬ್ಬಿಯೊಳಗೆ ಭಾರದ ಬಳೆ, ಸುತ್ತ ಜೇನಿಗಿಂತ ಮಂದವಾದ ಸಿಲಿಕೋನ್ ದ್ರವ. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಈ ಬಗೆ ಹಿಂದಿನಿಂದಲೂ ಇದೆ. ರಬ್ಬರಿನದು ಮುಖ್ಯವಾಗಿ ಒಂದು ವೇಗದ ಹತ್ತಿರದ ನಡುಕಕ್ಕೆ ಹೊಂದಿಸಿದ್ದು. ದ್ರವದ್ದು ಎಲ್ಲ ವೇಗದಲ್ಲೂ ಸ್ವಲ್ಪ ಸ್ವಲ್ಪ ಕೆಲಸ ಮಾಡುತ್ತದೆ. ಗುರುತು ಹೊರಗಿನ ಡಬ್ಬಿ ಮೇಲಿರುವುದರಿಂದ ಜಾರುವ ಮಾತಿಲ್ಲ. ಐಡಲ್‌ನಲ್ಲಿ ನನಗೆ ಏನೂ ಬೇರೆ ಅನ್ನಿಸಲಿಲ್ಲ. ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ ಅವನ ಗಾಡಿ ನನ್ನದಕ್ಕಿಂತ ಮೆತ್ತಗೆ ಓಡುತ್ತದೆ, ಇದು ನಿಜ. ಆದರೆ ದಪ್ಪ ಜಾಸ್ತಿ. ಪುಲ್ಲಿಗಳ ಸಾಲು ತಪ್ಪಿ ವಾಷರ್ ಇಟ್ಟು ಸರಿಮಾಡಬೇಕಾಯಿತು. ಡಬ್ಬಿಗೆ ಒಂದು ಏಟು ಬಿದ್ದು ತಗ್ಗಾದರೆ ಒಳಗಿನ ಬಳೆ ಉಜ್ಜಿಕೊಂಡು ಕೆಟ್ಟೇ ಹೋಗುತ್ತದೆ.

ನಿಧಾನಕ್ಕೆ ಓಡುವ ಕೆಲಸದ ಗಾಡಿಗೆ ನಾನು ರಬ್ಬರ್ ಬದಲಿಸಿದ ಹಳೆಯದನ್ನೇ ಹಾಕುತ್ತೇನೆ. ಎಂಜಿನ್ ಜೋರಾಗಿ ತಿರುಗಿಸುವವರಿಗೆ ದ್ರವದ್ದು. ಯಾವುದೇ ಕೊಳ್ಳುವ ಮೊದಲು ಒಂದು ನೋಡಿ: ಕೆಲವು ಎಂಜಿನ್‌ಗಳಲ್ಲಿ ಬ್ಯಾಲೆನ್ಸರ್ ಮೇಲೇ ಒಂದು ಕಡೆ ಹೆಚ್ಚಿನ ತೂಕ ಇರುತ್ತದೆ. ಅಲ್ಲಿ ತೂಕ ಇಲ್ಲದ್ದನ್ನು ಹಾಕಿದರೆ ಇಡೀ ಎಂಜಿನ್ ಅಲುಗಾಡುತ್ತದೆ.

ಬಿಚ್ಚುವಾಗ ಹಬ್‌ನ ಬೋಲ್ಟ್ ತೂತುಗಳಿಗೆ ಕಚ್ಚುವ ಪುಲ್ಲರ್ ಬೇಕು. ಹೊರಗಿನ ಬಳೆಗೆ ಕೊಕ್ಕೆ ಹಾಕಿ ಎಳೆದರೆ ಬಳೆ ಮಾತ್ರ ಕಿತ್ತು ಬರುತ್ತದೆ. ಕೂರಿಸುವಾಗ ಸುತ್ತಿಗೆ ಬೇಡವೇ ಬೇಡ. ಆ ಏಟು ನೇರ ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್‌ಗೆ ಹೋಗುತ್ತದೆ. ಇದಕ್ಕೆಂದೇ ಇರುವ ಒತ್ತುವ ಸ್ಕ್ರೂ ಸಾಧನವನ್ನು ಎರವಲು ತಂದಾದರೂ ಬಳಸಿ.

ಪುಲ್ಲಿಗಳ ವಿಷಯ ಇಷ್ಟು ಕಷ್ಟದ್ದಲ್ಲ. ಬೆಲ್ಟಿಗೆ ಬರೀ ದಾರಿ ತೋರುವ ಐಡ್ಲರ್ ಜಾಗದಲ್ಲಿ ಪ್ಲಾಸ್ಟಿಕ್ ಪುಲ್ಲಿ ಒಮ್ಮೆ ಹಾಕಿದ್ದೆ. ಹಗುರ, ತುಕ್ಕಿಲ್ಲ, ಸದ್ದಿಲ್ಲ. ಒಳಗಿನ ಬೇರಿಂಗ್ ಜಾಮ್ ಆದ ದಿನ ಪ್ಲಾಸ್ಟಿಕ್ ಕರಗಿ ಬೆಲ್ಟ್ ಹಾರಿತು. ಪ್ಲಾಸ್ಟಿಕ್ ಅಚ್ಚು ಹೊಯ್ಯುವಾಗಲೇ ಬೇರಿಂಗ್ ಅದರೊಳಗೆ ಸೇರಿಹೋಗಿರುವುದರಿಂದ ಅದೊಂದನ್ನೇ ಬದಲಿಸುವ ದಾರಿಯೂ ಇರಲಿಲ್ಲ. ಈಗ ಸ್ಟೀಲ್ ಪುಲ್ಲಿಗೇ ವಾಪಸ್ ಬಂದಿದ್ದೇನೆ. ಬೇರಿಂಗ್ ಹಿಡಿದಿಡುವ ಸರ್ಕ್ಲಿಪ್ ತೆಗೆದು ಹಳೆ ಬೇರಿಂಗ್ ಒತ್ತಿ ತೆಗೆದೆ. ನನ್ನದರಲ್ಲಿ ಇದ್ದದ್ದು 6203 ನಂಬರಿನ ಬೇರಿಂಗ್: ಒಳಗೆ 17, ಹೊರಗೆ 40, ದಪ್ಪ 12 ಮಿಲಿಮೀಟರ್. ಎಲ್ಲ ಕಡೆ ಸಿಗುವ ಅಳತೆ. ಎರಡೂ ಕಡೆ ರಬ್ಬರ್ ಸೀಲ್ ಇರುವುದನ್ನೇ ತಗೊಳ್ಳಿ, ತಗಡಿನ ಮುಚ್ಚಳದ್ದರೊಳಗೆ ಧೂಳು ಬೇಗ ಹೋಗುತ್ತದೆ. ಬೆಲ್ಟ್ ಓಡುವ ಮೈಯಲ್ಲಿ ತುಕ್ಕಿದ್ದರೆ ಎಮೆರಿ ಪೇಪರ್‌ನಲ್ಲಿ ಉಜ್ಜಿ, ಇಲ್ಲದಿದ್ದರೆ ಅದು ಬೆಲ್ಟನ್ನು ತಿನ್ನುತ್ತದೆ.

ಬೇರಿಂಗ್ ಚೆನ್ನಾಗಿದೆಯಾ ಅಂತ ಪುಲ್ಲಿ ತಿರುಗಿಸಿ ನೋಡುವವರು ಒಂದು ಕಡೆ ಮೋಸ ಹೋಗುತ್ತಾರೆ. ಸರ್ರನೆ ತುಂಬಾ ಹೊತ್ತು ತಿರುಗಿದರೆ ಅದು ಒಳ್ಳೆಯದಲ್ಲ, ಗ್ರೀಸ್ ಒಣಗಿದೆ ಅಂತ ಅರ್ಥ. ಒಳ್ಳೆಯ ಬೇರಿಂಗ್ ಒಂದೆರಡು ಸುತ್ತು ಮೆತ್ತಗೆ ತಿರುಗಿ ನಿಲ್ಲುತ್ತದೆ.

ಕೊನೆಗೆ ಬ್ಯಾಲೆನ್ಸರ್ ಮೇಲೆ ಹಬ್, ರಬ್ಬರ್, ಬಳೆ ಮೂರನ್ನೂ ದಾಟುವ ಹಾಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೇನೆ. ಬಳೆ ಕೂದಲಷ್ಟು ಜಾರಿದರೂ ಗೆರೆ ಮುರಿದು ಕಾಣುತ್ತದೆ. ಆಯಿಲ್ ಬದಲಿಸುವಾಗೆಲ್ಲ ಟಾರ್ಚ್ ಹಿಡಿದು ನೋಡುತ್ತೇನೆ. ಮೂರು ಸಲ ಆಯಿತು, ಗೆರೆ ಇನ್ನೂ ನೇರ ಇದೆ.