ಸಾರ್ವಜನಿಕ ಕಟ್ಟಡದ ತಾರಸಿ ಮೇಲೆ ತೋಟ, ಸೋಲಾರ್ ಹಾಕಿಸುವ ಮುಂಚೆ ಇದನ್ನು ಓದಿ

ನಿಮ್ಮೂರಿನ ಶಾಲೆಗೋ, ಗ್ರಂಥಾಲಯಕ್ಕೋ, ಸಮುದಾಯ ಭವನಕ್ಕೋ 'ಹಸಿರು ಚಾವಣಿ' ಮಾಡಿಸೋಣ ಅಂತ ಮಾತುಕತೆ ನಡೀತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮೂರ ಗ್ರಂಥಾಲಯಕ್ಕೆ ಅದನ್ನು ಮಾಡಿಸಿದ್ದಾಯಿತು. ಮೊದಲ ಮಳೆಗಾಲದಲ್ಲೇ ಮಕ್ಕಳ ವಿಭಾಗದ ಎರಡು ಕಪಾಟು ಪುಸ್ತಕ ಹಾಳಾದವು. ನಾನು ಅಲ್ಲಿನ ಓದುಗರ ಸಮಿತಿಯಲ್ಲಿದ್ದೇನೆ. ಕೆಲಸಕ್ಕೆ ಹಾಕಿದ ಹಣದಲ್ಲಿ ಒಂದಿಷ್ಟು ಸರ್ಕಾರದ್ದು, ಉಳಿದಿದ್ದು ಊರಿನವರ ದೇಣಿಗೆ. ಪಿಂಚಣಿ ದುಡ್ಡಲ್ಲಿ ತೆಗೆದು ಕೊಟ್ಟವರೂ ಇದ್ದಾರೆ. ಹೊಟ್ಟೆ ಉರಿಯುವುದು ಅದಕ್ಕೇ.

ಯೋಜನೆಯಲ್ಲಿ ತಪ್ಪೇನೂ ಇರಲಿಲ್ಲ. ಹಳೆಯ ಆರ್‌ಸಿಸಿ ತಾರಸಿ. ಅರ್ಧಕ್ಕೆ ಮಣ್ಣು ಹಾಸಿ ಗಿಡ, ಇನ್ನರ್ಧಕ್ಕೆ ಸೋಲಾರ್, ಬಿದ್ದ ಮಳೆ ನೀರು ನೆಲದಡಿಯ ಸಂಪ್ ತೊಟ್ಟಿಗೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಲೆನಾಡಿನ ಅಂಚಿನ ಊರಲ್ಲಿ ಅದು ಎಷ್ಟಾಗುತ್ತದೆ ಅಂತ ನೀವೇ ಲೆಕ್ಕ ಹಾಕಿ. ಒಂದು ಕಿಲೋವ್ಯಾಟ್ ಸೋಲಾರ್‌ಗೆ ಸುಮಾರು 10 ಚದರ ಮೀಟರ್ ಸಾಕು. ಗ್ರಂಥಾಲಯದ ದೀಪ, ಫ್ಯಾನಿಗೆ ಧಾರಾಳ. ಎಲ್ಲರೂ ಖುಷಿಯಿಂದಲೇ ಒಪ್ಪಿದರು.

ಕೆಲಸವನ್ನು ಮೂರು ಜನರಿಗೆ ಹಂಚಿದರು. ವಾಟರ್‌ಪ್ರೂಫಿಂಗ್ ಒಬ್ಬರಿಗೆ, ತೋಟ ಇನ್ನೊಬ್ಬರಿಗೆ, ಸೋಲಾರ್ ಮತ್ತೊಬ್ಬರಿಗೆ. ಎಲ್ಲ ಎಡವಟ್ಟಿನ ಬೇರು ಇಲ್ಲೇ ಇದೆ.

ಮೊದಲನೆಯವರು ತಾರಸಿ ಗುಡಿಸಿ, ಬಿರುಕಿಗೆ ಗಾರೆ ತುಂಬಿ, ಮೇಲೆ ಮೆಂಬ್ರೇನ್, ಅಂದರೆ ನೀರು ಇಳಿಯದಂತೆ ತಡೆಯುವ ಹಾಳೆ, ಹಾಸಿದರು. ಆದರೆ ನೀರು ಕಟ್ಟಿ ನೋಡಲಿಲ್ಲ. ಪೈಪಿನ ಬಾಯಿ ಮುಚ್ಚಿ, ತಾರಸಿ ತುಂಬ ಎರಡು ಇಂಚು ನೀರು ನಿಲ್ಲಿಸಿ, ಎರಡು ಮೂರು ದಿನ ಕೆಳಗಿನ ಚಾವಣಿ ನೋಡುತ್ತಾ ಇರಬೇಕು. ಖರ್ಚು ಅಂದರೆ ಒಂದೆರಡು ಟ್ಯಾಂಕರ್ ನೀರು, ಅಷ್ಟೇ. ಮಾರ್ಚ್ ಕೊನೆಯೊಳಗೆ ಬಿಲ್ ಪಾಸಾಗಬೇಕು ಅಂತ ಅದನ್ನೇ ಬಿಟ್ಟರು. ವಾಟ ಸರಿ ಇದೆಯಾ ಅಂತಲೂ ಯಾರೂ ನೋಡಲಿಲ್ಲ. ನೂರು ಅಡಿಗೆ ಒಂದು ಅಡಿಯಾದರೂ ಇಳಿಜಾರು ಬೇಕು. ನಮ್ಮ ತಾರಸಿಯ ಈಶಾನ್ಯ ಮೂಲೆಯಲ್ಲಿ ನೀರು ಹೋಗುವ ಪೈಪಿಗಿಂತ ನೆಲವೇ ತಗ್ಗಾಗಿತ್ತು.

ಆಮೇಲೆ ಸೋಲಾರ್‌ನವರು ಬಂದರು. ಡ್ರಿಲ್ ತೆಗೆದುಕೊಂಡು ಹೊಸ ಮೆಂಬ್ರೇನ್ ಮೇಲೇ ತೂತು ಕೊರೆದು ಸ್ಟ್ಯಾಂಡಿನ ಬೋಲ್ಟ್ ಕೂರಿಸಿದರು. ಒಂದೊಂದು ಕಾಲಿಗೆ ನಾಲ್ಕು ತೂತು. ಬೋಲ್ಟ್ ಸುತ್ತ ಬಿಳಿ ಸಿಲಿಕೋನ್ ಹಚ್ಚಿ ಹೋದರು. ಈಗ ಹೋಗಿ ನೋಡಿದರೆ ಆ ಸಿಲಿಕೋನ್ ಬಿಸಿಲಿಗೆ ಒಣಗಿ ಅಂಚೆಲ್ಲ ಎದ್ದಿದೆ. ಉಗುರಲ್ಲಿ ಎಳೆದರೆ ಉಂಗುರದ ಹಾಗೆ ಕಿತ್ತು ಬರುತ್ತದೆ. ಸರಿಯಾದ ಕ್ರಮ ಬೇರೆಯೇ ಇದೆ. ಮೊದಲು ಸ್ಟ್ಯಾಂಡಿಗೆ ಕಾಂಕ್ರೀಟ್ ಪೀಠ ಹಾಕಬೇಕು, ಆಮೇಲೆ ಮೆಂಬ್ರೇನನ್ನು ಪೀಠದ ಮೈಗೂ ಹತ್ತಿಸಬೇಕು. ಮೆಂಬ್ರೇನ್ ಹಾಸಿದ ಮೇಲೆ ಡ್ರಿಲ್ ಹಿಡಿದವರು ತಾರಸಿ ಹತ್ತಲೇಬಾರದು.

ತೋಟದವರು ಅದಕ್ಕಿಂತ ಭಯ ಹುಟ್ಟಿಸುವ ಕೆಲಸ ಮಾಡಿದರು. ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿದ ಹಗುರ ಮಣ್ಣು ಅಂತ ಎಸ್ಟಿಮೇಟಿನಲ್ಲಿತ್ತು. ಬಂದಿದ್ದು ಟ್ರ್ಯಾಕ್ಟರ್‌ನಲ್ಲಿ ಕೆರೆಯ ಮಣ್ಣು. ಅರ್ಧ ಅಡಿ ಹಾಸಿದರು. ನೀರು ಕುಡಿದ ಮಣ್ಣು ಒಂದು ಘನ ಮೀಟರ್‌ಗೆ 1,800 ಕಿಲೋ ಹತ್ತಿರ ತೂಗುತ್ತದೆ. ಅರ್ಧ ಅಡಿ ಅಂದರೆ ಒಂದು ಚದರ ಮೀಟರ್ ಮೇಲೆ ಸುಮಾರು 270 ಕಿಲೋ. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕದಲ್ಲಿ ಹೇಳಿರುವ ಬಳಕೆಯ ಭಾರ ಚದರ ಮೀಟರ್‌ಗೆ ಸುಮಾರು 150 ಕಿಲೋ. ಯಾರೂ ಹತ್ತದ ತಾರಸಿಗೆ ಅದರ ಅರ್ಧ. ಅಂದರೆ ಮಣ್ಣಿನ ಭಾರವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ, ಮೋಲ್ಡ್ (ಕಾಂಕ್ರೀಟ್ ಚಾವಣಿ) ತಡೆಯುತ್ತದೆ ಅಂತ ಸ್ಟ್ರಕ್ಚರಲ್ ಎಂಜಿನಿಯರ್ ಬರೆದುಕೊಡದೆ ಒಂದು ಬುಟ್ಟಿ ಮಣ್ಣೂ ಮೇಲೆ ಹೋಗಬಾರದು. ನಮ್ಮಲ್ಲಿ ಆ ಕಾಗದವೇ ಇರಲಿಲ್ಲ. ಕೆಳಗೆ ಮಕ್ಕಳು ಕೂತು ಓದುತ್ತಿದ್ದರು. ಅದನ್ನು ನೆನೆದರೆ ಈಗಲೂ ಕೈಕಾಲು ತಣ್ಣಗಾಗುತ್ತದೆ.

ಜೂನ್‌ನಲ್ಲಿ ಮಳೆ ಹಿಡಿಯಿತು. ಕೆರೆ ಮಣ್ಣಿನ ಜಿಗುಟು ಇಳಿದು ಕೆಳಗೆ ನೀರು ಸೋಸಿ ಹೋಗಲು ಹಾಸಿದ್ದ ಬಟ್ಟೆಯಂಥ ಪದರದ ಕಣ್ಣುಗಳೆಲ್ಲ ಮುಚ್ಚಿಕೊಂಡವು. ನೀರು ಹರಿಯಲು ದಾರಿ ಇಲ್ಲ. ಮಣ್ಣಿನ ಮಟ್ಟ ಪ್ಯಾರಪೆಟ್ ಗೋಡೆಯಲ್ಲಿ ಮೆಂಬ್ರೇನ್ ನಿಂತ ಜಾಗಕ್ಕಿಂತ ಮೇಲಿತ್ತು, ಹಾಗಾಗಿ ಗೋಡೆಯೊಳಗಿಂದಲೂ ನೀರು ಇಳಿಯಿತು. ಮೆಂಬ್ರೇನ್ ಯಾವಾಗಲೂ ಮಣ್ಣಿಗಿಂತ ಅರ್ಧ ಅಡಿ ಮೇಲಕ್ಕೆ ಗೋಡೆಯ ಮೇಲೆ ಏರಿರಬೇಕು. ಒಳಗಡೆ ಫ್ಯಾನಿನ ರಾಡ್ ಹಿಡಿದು ನೀರು ತೊಟ್ಟಿಕ್ಕಿತು, ಬೆಳಗಾಗುವಷ್ಟರಲ್ಲಿ ಕಪಾಟಿನ ಹಿಂಬದಿ ಒದ್ದೆ. ಮಕ್ಕಳ ಚಿತ್ರದ ಪುಸ್ತಕಗಳ ನುಣುಪು ಹಾಳೆಗಳು ಒಣಗಿದಾಗ ಒಂದಕ್ಕೊಂದು ಅಂಟಿಕೊಂಡವು. ಬಿಡಿಸಲು ಹೋದರೆ ಬಣ್ಣವೆಲ್ಲ ಎದುರು ಪುಟಕ್ಕೆ ಬರುತ್ತದೆ.

ಸೋರುವ ಜಾಗ ಹುಡುಕೋಣ ಅಂದರೆ ಅದೂ ಆಗಲಿಲ್ಲ. ಮೆಂಬ್ರೇನ್ ಒಂದು ಕಡೆ ತೂತಾಗಿದ್ದರೆ ನೀರು ಅದರಡಿ ಹರಿದು ಮೋಲ್ಡ್‌ನಲ್ಲಿ ಎಲ್ಲೋ ದೂರದ ಬಿರುಕಿನಲ್ಲಿ ಇಳಿಯುತ್ತದೆ. ಮೇಲೆ ಮಣ್ಣಿದ್ದರೆ ಕಣ್ಣಿಗೆ ಏನೂ ಕಾಣಲ್ಲ. ಪೂರ್ತಿ ಮಣ್ಣು ತೆಗೆಯಬೇಕಾಯಿತು. ಕೂಲಿ ಮತ್ತೆ ಊರಿನವರ ತಲೆ ಮೇಲೆ.

ವಾರಂಟಿ ಕೇಳಿದರೆ ವಾಟರ್‌ಪ್ರೂಫಿಂಗ್‌ನವರು ಸೋಲಾರ್‌ನವರ ತೂತು ತೋರಿಸುತ್ತಾರೆ. ಸೋಲಾರ್‌ನವರು ತೋಟದ ಕಡೆ ಬೆರಳು ಮಾಡುತ್ತಾರೆ. ತೋಟದವರು ವಾಟ ಸರಿ ಇಲ್ಲ ಅನ್ನುತ್ತಾರೆ. ಹತ್ತು ವರ್ಷದ ಗ್ಯಾರಂಟಿ ಕಾರ್ಡನ್ನು ಬಿಚ್ಚಿ ಓದಿದರೆ ಅದು ಸಾಮಗ್ರಿಗೆ ಮಾತ್ರ, ಹಾಸಿದ ಕೆಲಸಕ್ಕಲ್ಲ.

ನನ್ನ ಕೇಳಿದರೆ, ಜೋರು ಮಳೆಯ ನಮ್ಮಂಥ ಕಡೆ ಮಣ್ಣಿನ ತೋಟಕ್ಕಿಂತ ಇಳಿಜಾರಿನ ಹೆಂಚಿನ ಮಾಡೇ ಒಳ್ಳೆಯದು. 1860ರ ದಶಕದಿಂದ ಮಂಗಳೂರು ಹೆಂಚು ಈ ಮಳೆಯನ್ನು ತಡೆದುಕೊಂಡು ಬಂದಿದೆ. ಒಡೆದರೆ ಆ ಒಂದು ಹೆಂಚು ಬದಲಾಯಿಸಿದರೆ ಆಯಿತು, ಮಾಡಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ ನೀರನ್ನೂ ಸಂಪಿಗೆ ಇಳಿಸಬಹುದು. ಕಲಬುರಗಿ, ರಾಯಚೂರಿನ ಬಿಸಿಲಿಗೆ ತಾರಸಿ ಮೇಲೆ ಬಿಸಿಲು ವಾಪಸ್ ಎಸೆಯುವ ಬಿಳಿ ಬಣ್ಣ ಹಚ್ಚಿದರೂ ಒಳಗಿನ ಸೆಕೆ ಕಡಿಮೆಯಾಗುತ್ತದೆ, ಭಾರದ ಚಿಂತೆ ಇಲ್ಲ. ತೋಟವೇ ಬೇಕು ಅನ್ನುವವರು ಮಾಡಿಸಿ, ಬೇಡ ಅನ್ನಲ್ಲ. ಆದರೆ ಮೂರೂ ಕೆಲಸಕ್ಕೆ ಜವಾಬ್ದಾರಿ ಒಬ್ಬರದ್ದೇ ಅಂತ ಟೆಂಡರಿನಲ್ಲೇ ಬರೆಸಿ. ಪ್ರತಿ ಪದರ ಮುಚ್ಚುವ ಮುಂಚೆ ಫೋಟೊ ತೆಗೆದು, ಎಂಜಿನಿಯರ್ ಸಹಿ ಹಾಕಿಸಿ. ನೀರು ಕಟ್ಟಿ ಪರೀಕ್ಷೆ ಆಗದೆ ಬಿಲ್ ಬೇಡ. ಭದ್ರತಾ ಠೇವಣಿಯನ್ನು ಎರಡು ಮಳೆಗಾಲ ಮುಗಿಯುವವರೆಗೆ ಬಿಡಬೇಡಿ. ಎಲೆ ಕಟ್ಟಿದ ಪೈಪ್ ತೆಗೆಯುವವರು ಯಾರು, ಗೋಡೆ ಸಂದಿಯಲ್ಲಿ ಹುಟ್ಟುವ ಅರಳಿ ಸಸಿ ಕೀಳುವವರು ಯಾರು, ಅವರಿಗೆ ಸಂಬಳ ಯಾವ ಲೆಕ್ಕದಲ್ಲಿ ಅನ್ನುವುದೂ ಅದೇ ಕಾಗದದಲ್ಲಿ ಇರಲಿ.